ಬೂದಿ ಬೀಳುವ ಮನೆ

ಮಣ್ಣಿನ ರಸ್ತೆ. ಎರಡೂ ಕಡೆ ಆಳಿಗಿಂತ ಎತ್ತರ ಬೆಳೆದ ಕಬ್ಬು. ದೂರದಿಂದ ಒಬ್ಬ ಮುದುಕ ಸಾಮಾನು ಹಿಡಿದುಕೊಂಡು ನಮ್ಮ ಕಡೆಗೇ ನಡೆದು ಬರುತ್ತಿದ್ದಾನೆ. ಹಿಂದಿನಿಂದ ದೊಡ್ಡದೊಂದು ಲಾರಿ ಬರುತ್ತದೆ. ಅವನು ರಸ್ತೆ ಬಿಟ್ಟು ಕಬ್ಬಿನ ಅಂಚಿಗೆ ಸರಿದು ನಿಲ್ಲುತ್ತಾನೆ. ಲಾರಿ ದಾಟಿ ಹೋಗುತ್ತದೆ. ಆಮೇಲೆ ಬರೀ ಧೂಳು. ಮನುಷ್ಯನೂ ಕಾಣುವುದಿಲ್ಲ, ಕಬ್ಬೂ ಕಾಣುವುದಿಲ್ಲ. ಕ್ಯಾಮೆರಾ ಮಾತ್ರ ಅವಸರ ಮಾಡದೆ ಕಾಯುತ್ತದೆ.

'ಲಾ ಟಿಯೆರಾ ಇ ಲಾ ಸೊಂಬ್ರಾ' ಶುರುವಾಗುವುದು ಹೀಗೆ. ನೆಲ ಮತ್ತು ನೆರಳು ಅಂತ ಅರ್ಥ. 2015ರ ಕೊಲಂಬಿಯಾ ಸಿನಿಮಾ, ಸ್ಪ್ಯಾನಿಷ್ ಭಾಷೆಯದು. ಬರೆದು ನಿರ್ದೇಶಿಸಿದವರು ಸೆಸರ್ ಅಗುಸ್ತೊ ಅಸೆವೆದೊ. ಅವರ ಮೊದಲ ಚಿತ್ರ ಇದು. ಕೊಲಂಬಿಯಾ, ಫ್ರಾನ್ಸ್, ನೆದರ್ಲೆಂಡ್ಸ್, ಚಿಲಿ, ಬ್ರೆಜಿಲ್, ಹೀಗೆ ಐದು ದೇಶದ ನಿರ್ಮಾಪಕರು ಸೇರಿ ಮಾಡಿದ್ದು. ಆ ವರ್ಷ ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್ ವಿಭಾಗದಲ್ಲಿ ತೋರಿಸಿದರು. ಮೊದಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ದೋರ್ ಪ್ರಶಸ್ತಿ ಇದಕ್ಕೇ ಬಂತು. ನಮ್ಮ ದೇಶದಿಂದ ಮೀರಾ ನಾಯರ್ 1988ರಲ್ಲಿ, ಮುರಳಿ ನಾಯರ್ 1999ರಲ್ಲಿ ಗೆದ್ದ ಪ್ರಶಸ್ತಿ ಅದು.

ನಾನು ಮಂಡ್ಯ ಕಡೆಯವಳು. ಕಬ್ಬಿನ ಗದ್ದೆಯ ಪಕ್ಕದ ಮನೆಯಲ್ಲೇ ಬೆಳೆದವಳು. ಕಬ್ಬು ಕಾಣುವ ಸಿನಿಮಾ ಸಾಕಷ್ಟು ನೋಡಿದ್ದೇನೆ. ಹಾಡಿನಲ್ಲಿ ಹೀರೋ ಹೀರೋಯಿನ್ ಓಡಾಡುವುದಕ್ಕೋ, ಫೈಟಿನಲ್ಲಿ ಬಚ್ಚಿಟ್ಟುಕೊಳ್ಳುವುದಕ್ಕೋ ಅಲ್ಲಿ ಕಬ್ಬು ಬೇಕು. ಕಬ್ಬಿನ ನಡುವೆ ಇರುವ ಮನೆಯ ಒಳಗೆ ಹೇಗಿರುತ್ತದೆ ಅಂತ ಕೂತು ತೋರಿಸಿದ ಸಿನಿಮಾ ನಾನು ನೋಡಿದ್ದು ಇದೊಂದೇ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯಬೇಕು ಅನ್ನಿಸಿತು.

ಕತೆ ಚಿಕ್ಕದು. ಆ ಮುದುಕನ ಹೆಸರು ಅಲ್ಫೊನ್ಸೊ. ಹದಿನೇಳು ವರ್ಷದ ಹಿಂದೆ ಹೆಂಡತಿ ಮಗನನ್ನು ಬಿಟ್ಟು ಹೋದವನು ಈಗ ವಾಪಸ್ ಬಂದಿದ್ದಾನೆ. ಮಗ ಹೆರಾರ್ದೊ ಹಾಸಿಗೆ ಹಿಡಿದಿದ್ದಾನೆ. ಕಬ್ಬು ಕಡಿಯುವ ಕೆಲಸ ಮಾಡುತ್ತಿದ್ದವನು, ಈಗ ಶ್ವಾಸಕೋಶ ಕೆಟ್ಟುಹೋಗಿದೆ. ಸೊಸೆ ಎಸ್ಪೆರಾನ್ಸಾ, ಆರೇಳು ವರ್ಷದ ಮೊಮ್ಮಗ ಮನ್ವೆಲ್. ಇವರ ಜೊತೆಗೆ ಅಲಿಸಿಯಾ, ಅಂದರೆ ಅಲ್ಫೊನ್ಸೊ ಬಿಟ್ಟುಹೋದ ಹೆಂಡತಿ. ಮಗನ ಜಾಗಕ್ಕೆ ಅತ್ತೆ ಸೊಸೆ ಇಬ್ಬರೂ ಕಬ್ಬು ಕಡಿಯಲು ಹೋಗುತ್ತಾರೆ. ರೋಗಿಯನ್ನೂ ಮಗುವನ್ನೂ ನೋಡಿಕೊಳ್ಳುವುದು, ಅಡುಗೆ ಮಾಡುವುದು, ಅಂಗಳ ಗುಡಿಸುವುದು ಅಲ್ಫೊನ್ಸೊನ ಪಾಲಿಗೆ. ಅಲಿಸಿಯಾ ಅವನ ಜೊತೆ ಮಾತೇ ಆಡುವುದಿಲ್ಲ ಅನ್ನುವಷ್ಟು ಕಡಿಮೆ ಮಾತಾಡುತ್ತಾಳೆ.

ಮನೆಯ ಕಿಟಕಿಗಳನ್ನು ಯಾವಾಗಲೂ ಮುಚ್ಚಿಯೇ ಇಟ್ಟಿರಬೇಕು. ಸುತ್ತ ಗದ್ದೆಗಳಲ್ಲಿ ಕಬ್ಬಿಗೆ ಬೆಂಕಿ ಹಾಕುತ್ತಾರೆ. ಅದರ ಬೂದಿ ಹಾರಿ ಬಂದು ಬೀಳುತ್ತದೆ. ಒಳಗೆ ಬಂದರೆ ಹೆರಾರ್ದೊಗೆ ಕೆಮ್ಮು ಕೆರಳುತ್ತದೆ. ಹಾಗಾಗಿ ಹಗಲಲ್ಲೂ ಕೋಣೆ ಕತ್ತಲು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಮುಖ ಕಾಣುವಷ್ಟು ಮಾತ್ರ ಬೆಳಕು. ಮಾತಿನಲ್ಲಿ ಯಾರೂ ಇದನ್ನೆಲ್ಲ ವಿವರಿಸುತ್ತಾ ಕೂರುವುದಿಲ್ಲ. ಬಾಗಿಲು ತೆಗೆಯುವಾಗ, ಮುಚ್ಚುವಾಗ ಮನೆಯವರು ಎಷ್ಟು ಎಚ್ಚರವಾಗಿರುತ್ತಾರೆ ಅನ್ನುವುದರಲ್ಲೇ ನಮಗೆ ಗೊತ್ತಾಗುತ್ತದೆ. ಮತೆಯೊ ಗುಸ್ಮಾನ್ ಅವರ ಕ್ಯಾಮೆರಾ ಆ ಕತ್ತಲಿಗೆ ಸುಮ್ನೆ ಲೈಟು ಹಾಕುವುದಿಲ್ಲ. ನೋಡುತ್ತಾ ನೋಡುತ್ತಾ ನಮಗೂ ಕಿಟಕಿ ತೆಗೆಯಬೇಕು ಅನ್ನಿಸಲು ಶುರುವಾಗುತ್ತದೆ. ತೆಗೆದರೆ ಏನಾಗುತ್ತದೆ ಅಂತಲೂ ಗೊತ್ತಿರುತ್ತದೆ.

ಬೂದಿ ಬೀಳುವ ದೃಶ್ಯಗಳನ್ನು ನೋಡಿದಾಗ ನನಗೆ ಅವ್ವ ಬಟ್ಟೆ ಒಣಗಿಸುತ್ತಿದ್ದದ್ದು ನೆನಪಾಯಿತು. ನಮ್ಮ ಕಡೆ ಕಟಾವು ಮುಗಿದ ಮೇಲೆ ಗದ್ದೆಯಲ್ಲಿ ಉಳಿದ ಒಣ ಸೋಗೆಗೆ ಬೆಂಕಿ ಹಾಕುತ್ತಾರೆ. ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಗೆ ಜಾಗ ಖಾಲಿಯಾಗಬೇಕಲ್ಲ. ಸಂಜೆ ಹೊತ್ತು ಕರಿ ಕರಿ ಎಳೆಗಳು ಗಾಳಿಯಲ್ಲಿ ತಿರುಗುತ್ತಾ ಬಂದು ಹಗ್ಗದ ಮೇಲಿನ ಬಿಳಿ ಪಂಚೆಗೆ ಅಂಟುತ್ತಿದ್ದವು. ಕೈಯಿಂದ ಒರೆಸಬಾರದು, ಒರೆಸಿದರೆ ಉದ್ದಕ್ಕೂ ಮಸಿಯ ಗೆರೆ ಬೀಳುತ್ತದೆ. ಊದಬೇಕು, ಇಲ್ಲ ಕೊಡವಬೇಕು. ಅವ್ವ ಇದನ್ನು ನಮಗೆ ಬೈದು ಬೈದು ಕಲಿಸಿದ್ದಳು. ನಮ್ಮಲ್ಲಿ ಅದು ವರ್ಷದಲ್ಲಿ ಕೆಲವು ದಿನದ ರಗಳೆ. ಆ ಸಿನಿಮಾದ ಮನೆಗೆ ವರ್ಷವಿಡೀ ಅದೇ.

ವರ್ಷವಿಡೀ ಯಾಕೆ ಅಂದರೆ, ಆ ಜಾಗವೇ ಹಾಗೆ. ವಾಯೆ ದೆಲ್ ಕೌಕಾ ಅಂತ ಕೊಲಂಬಿಯಾದ ನೈಋತ್ಯಕ್ಕಿರುವ ಪ್ರಾಂತ್ಯ. ಆಂಡಿಸ್ ಪರ್ವತದ ಎರಡು ಸಾಲುಗಳ ನಡುವೆ ಕೌಕಾ ನದಿ ಹರಿಯುವ ಅಗಲವಾದ ಬಯಲು. ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರ. ಸಮಭಾಜಕ ವೃತ್ತಕ್ಕೆ ತೀರಾ ಹತ್ತಿರ ಇರುವುದರಿಂದ ಬೇಸಿಗೆ ಚಳಿಗಾಲ ಅಂತ ದೊಡ್ಡ ವ್ಯತ್ಯಾಸವಿಲ್ಲ. ಬೇರೆ ಕಡೆ ಕಬ್ಬು ಅರೆಯುವುದಕ್ಕೆ ಒಂದು ಹಂಗಾಮು ಅಂತ ಇರುತ್ತದೆ. ಅಲ್ಲಿ ಹನ್ನೆರಡು ತಿಂಗಳೂ ನಾಟಿ, ಹನ್ನೆರಡು ತಿಂಗಳೂ ಕಟಾವು. ಕಾರ್ಖಾನೆ ನಿಲ್ಲುವುದೇ ಇಲ್ಲ. ಎರಡು ಲಕ್ಷ ಹೆಕ್ಟೇರಿಗೂ ಜಾಸ್ತಿ ಕಬ್ಬು ಆ ಒಂದು ಕಣಿವೆಯಲ್ಲಿದೆ. ಹತ್ತೊಂಬತ್ತನೇ ಶತಮಾನದಲ್ಲೇ ಅಲ್ಲಿ ದೊಡ್ಡ ಕಬ್ಬಿನ ಎಸ್ಟೇಟುಗಳಿದ್ದವು. ಆದರೆ ಕ್ಯೂಬಾದ ಕ್ರಾಂತಿಯ ನಂತರ ಅಮೆರಿಕ ಅಲ್ಲಿಂದ ಸಕ್ಕರೆ ಕೊಳ್ಳುವುದು ನಿಲ್ಲಿಸಿತಲ್ಲ, ಆಮೇಲೆ ಕೌಕಾ ಕಣಿವೆಯ ಕಬ್ಬು ಬಹಳ ಬೇಗ ಹಬ್ಬಿತು. 2005ರಿಂದ ಕಬ್ಬಿನಿಂದ ಎಥೆನಾಲ್ ಮಾಡಲೂ ಶುರುಮಾಡಿದರು. ಹಣ್ಣಿನ ಗಿಡ, ಜೋಳ, ದನ, ಎಲ್ಲ ಇದ್ದ ಚಿಕ್ಕ ಹಿಡುವಳಿಗಳು ಒಂದೊಂದಾಗಿ ಕಬ್ಬಿನೊಳಗೆ ಸೇರಿಹೋದವು. ಸಿನಿಮಾದಲ್ಲಿ ಸುತ್ತ ಬೇರೆ ಮನೆಯೇ ಇಲ್ಲದೆ ಒಂದು ಮನೆ, ಅದರ ಮುಂದೆ ಒಂದು ದೊಡ್ಡ ಮರ ಉಳಿದಿರುವುದು ಹೀಗೆ. ಮಾರದೆ ಕೂತವಳು ಅಲಿಸಿಯಾ.

ಈ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಅಪ್ಪನಿಗೂ ತೋರಿಸಿದೆ. ಸಬ್‌ಟೈಟಲ್ ಓದಿ ಓದಿ ನಾನೇ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಪ್ಪ ಅದೂ ಬೇಡ ಅಂದರು. ನಿಂತ ಕಬ್ಬಿಗೆ ಬೆಂಕಿ ಬಿದ್ದಿದ್ದು ನೋಡಿ ಕುರ್ಚಿಯಿಂದ ಮುಂದಕ್ಕೆ ಬಗ್ಗಿದರು.

"ಏನವ್ವ ಇದು, ನಿಂತಿರೋ ಕಬ್ಬಿಗೇ ಬೆಂಕಿ ಇಕ್ತಾವ್ರೆ?"

"ಹೂಂ ಅಪ್ಪ. ಅಲ್ಲಿ ಹಂಗೇ ಕಡಿಯೋದು."

"ಸುಟ್ಟ ಕಬ್ಬ ಫ್ಯಾಕ್ಟ್ರಿಯೋರು ತಗತಾರಾ?"

ಈ ಪ್ರಶ್ನೆ ಕಬ್ಬು ಬೆಳೆದವರಿಗೆ ಮಾತ್ರ ಬರುತ್ತದೆ. ನಮ್ಮಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿಯೋ, ಯಾರೋ ಬೀಡಿ ಎಸೆದೋ ಗದ್ದೆಗೆ ಬೆಂಕಿ ಬಿದ್ದರೆ ರೈತನ ಕತೆ ಮುಗಿಯಿತು. ಸುಟ್ಟ ಕಬ್ಬಿಗೆ ದರ ಕಡಿತ ಮಾಡುತ್ತಾರೆ. ಕಟಾವಿಗೆ ಆಳು ಹುಡುಕಿ, ಒಂದೆರಡು ದಿನದಲ್ಲಿ ಸಾಗಿಸದಿದ್ದರೆ ರಸದಲ್ಲಿ ಸಕ್ಕರೆ ಇಳಿಯುತ್ತದೆ. ಅಲ್ಲಿ ಬೆಂಕಿ ಹಾಕುವುದೇ ಪದ್ಧತಿ. ಒಣ ಎಲೆ ನಿಮಿಷಗಳಲ್ಲಿ ಉರಿದು ಹೋಗುತ್ತದೆ. ಜಲ್ಲೆಯಲ್ಲಿ ನೀರು ತುಂಬಿರುವುದರಿಂದ ಅದು ಹಾಗೇ ನಿಲ್ಲುತ್ತದೆ. ಸೋಗೆ ಬಿಡಿಸುವ ಕೆಲಸ ಇಲ್ಲ, ಎಲೆಯ ಅಂಚು ಕೈ ಕೊಯ್ಯುವುದಿಲ್ಲ, ಹಾವಿನ ಭಯ ಇಲ್ಲ. ಒಬ್ಬ ಆಳು ದಿನಕ್ಕೆ ಕಡಿಯುವ ಟನ್ನು ಎರಡು ಪಟ್ಟಾಗುತ್ತದೆ. ಟನ್ನಿನ ಲೆಕ್ಕದಲ್ಲಿ ಕೂಲಿ ಸಿಗುವವನಿಗೂ ಸುಟ್ಟ ಕಬ್ಬೇ ಬೇಕಾಗುತ್ತದೆ. ಅವನ ಎದೆಗೆ ಹೋಗುವುದು ಆ ಮಸಿಯೇ.

ಅಪ್ಪ ಇನ್ನೊಂದು ಮಾತು ಹೇಳಿದರು. ಅತ್ತೆ ಸೊಸೆ ಕಡಿಯುವ ದೃಶ್ಯ ಬಂದಾಗ. ಇಬ್ಬರ ಮುಖವೂ ಮಸಿ, ತಲೆಗೆ ಬಟ್ಟೆ ಸುತ್ತಿದ್ದಾರೆ, ಕೈಯಲ್ಲಿ ಮಚ್ಚು. ಗಂಡಸರ ಸಮಕ್ಕೆ ಕಡಿಯಬೇಕು, ಆಗುತ್ತಿಲ್ಲ. "ನೋಡು, ಆ ಸಣ್ಣ ಹೆಂಗಸು ಬುಡದಲ್ಲೇ ಕಡೀತಾವ್ಳೆ. ಗೊತ್ತಿರೋಳು" ಅಂದರು. ಕಬ್ಬನ್ನು ನೆಲಕ್ಕೆ ಸಮವಾಗಿ ಕಡಿಯಬೇಕು. ಸಿಹಿ ಜಾಸ್ತಿ ಇರುವುದು ಬುಡದಲ್ಲಿ, ಕೂಳೆ ಚೆನ್ನಾಗಿ ಒಡೆಯುವುದೂ ಹಾಗೆ ಕಡಿದರೇ. ಅದಕ್ಕೆ ಪ್ರತಿ ಏಟಿಗೂ ಪೂರ್ತಿ ಬಗ್ಗಬೇಕು. ದಿನಕ್ಕೆ ಸಾವಿರಾರು ಸಲ. ಎಸ್ಪೆರಾನ್ಸಾ ಪಾತ್ರದ ಮಾರ್ಲೈದಾ ಸೊತೊ ಮೊದಲಿಂದಲೂ ನಟಿ. ಇವರು ಈಚೆಗೆ ನೆಟ್‌ಫ್ಲಿಕ್ಸಿನಲ್ಲಿ ಬಂದ, ಕೊಲಂಬಿಯಾದ ಲೇಖಕ ಮಾರ್ಕೆಸ್ ಅವರ 'ಒನ್ ಹಂಡ್ರೆಡ್ ಇಯರ್ಸ್ ಆಫ್ ಸಾಲಿಟ್ಯೂಡ್' ಕಾದಂಬರಿಯ ಸರಣಿಯಲ್ಲಿ ವಯಸ್ಸಾದ ಉರ್ಸುಲಾ ಆಗಿದ್ದಾರೆ. ಉಳಿದ ಪಾತ್ರಗಳಲ್ಲಿ ಹೆಚ್ಚಿನವರು ಮುಂಚೆ ನಟನೆ ಮಾಡಿದವರಲ್ಲ. ನಟಿ ಯಾರು, ಅಲ್ಲದವರು ಯಾರು ಅಂತ ಅಪ್ಪನಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ.

ಕೂಲಿ ಬಂದಿಲ್ಲ ಅಂತ ಕಡಿಯುವವರು ಕೆಲಸ ನಿಲ್ಲಿಸುವ ಭಾಗವೂ ಸಿನಿಮಾದಲ್ಲಿದೆ. ಇದು ಗಾಳಿಯಿಂದ ಹುಟ್ಟಿದ್ದಲ್ಲ. 2008ರ ಸೆಪ್ಟೆಂಬರಿನಲ್ಲಿ ಕೌಕಾ ಕಣಿವೆಯಲ್ಲಿ ಸಾವಿರಾರು ಕಬ್ಬು ಕಡಿಯುವವರು ಮಚ್ಚು ಕೆಳಗಿಟ್ಟರು. ಅಲ್ಲಿ ಅವರನ್ನು ಕೊರ್ತೆರೊ ಅನ್ನುತ್ತಾರೆ. ಸುಮಾರು ಎರಡು ತಿಂಗಳು ಮುಷ್ಕರ ನಡೆಯಿತು. ಅವರ ದೊಡ್ಡ ದೂರು 'ಸಹಕಾರ ಸಂಘ'ದ ಬಗ್ಗೆ. ಆಗ ಕಾರ್ಖಾನೆ ನೇರವಾಗಿ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಕಡಿಯುವವರೆಲ್ಲ ಒಂದು ಸಂಘದ ಸದಸ್ಯರು, ಸಂಘಕ್ಕೂ ಕಾರ್ಖಾನೆಗೂ ಒಪ್ಪಂದ. ಕಾಗದದಲ್ಲಿ ಕೂಲಿಯವನು ಸಂಘದ ಪಾಲುದಾರ. ಪಾಲುದಾರನಿಗೆ ಕಾರ್ಮಿಕ ಕಾನೂನು ಅನ್ವಯಿಸುತ್ತಿರಲಿಲ್ಲ. ಕಾಯಿಲೆ ಬಿದ್ದರೆ, ಕೈ ಕುಯ್ದುಕೊಂಡರೆ, ಖರ್ಚು ಅವನದೇ ಆಗಿತ್ತು. ನೇರ ನೇಮಕ ಬೇಕು, ತೂಕ ಸರಿಯಾಗಿ ಹಾಕಬೇಕು ಅಂತ ಅವರು ಕೇಳಿದರು. ತೂಕದ ಮಾತು ಕೇಳಿ ಅಪ್ಪ ತಲೆ ಆಡಿಸಿದರು. ಕಬ್ಬಿನ ತೂಕದ ಜಗಳ ಗೊತ್ತಿಲ್ಲದ ರೈತ ಕರ್ನಾಟಕದಲ್ಲಿ ಇದ್ದಾನಾ?

ಇಷ್ಟೆಲ್ಲ ಹಿನ್ನೆಲೆ ಇದ್ದರೂ ಅಸೆವೆದೊ ಕಾರ್ಖಾನೆಯನ್ನು ಕತೆಯೊಳಗೆ ತರುವುದೇ ಇಲ್ಲ. ಮಾಲೀಕನೊಬ್ಬನನ್ನು ನಿಲ್ಲಿಸಿ ಇವನೇ ಖಳ ಅನ್ನುವುದಿಲ್ಲ. ಕ್ಯಾಮೆರಾ ಹೆಚ್ಚಾಗಿ ಆ ಮನೆ, ಆ ಅಂಗಳ, ಮನೆಯಿಂದ ಗದ್ದೆಗೆ ಹೋಗುವ ಆ ರಸ್ತೆ, ಇಷ್ಟರಲ್ಲೇ ಇರುತ್ತದೆ. ಇಡೀ ಉದ್ಯಮ ನಮಗೆ ಸಿಗುವುದು ಬೂದಿಯಾಗಿ, ಲಾರಿಯ ಧೂಳಾಗಿ, ಮೇಸ್ತ್ರಿಯ ಗದರಿಕೆಯಾಗಿ, ಬಾರದ ಕೂಲಿಯಾಗಿ. ನನಗೆ ಈ ಸಿನಿಮಾದಲ್ಲಿ ಅತಿ ಹೆಚ್ಚು ಹಿಡಿಸಿದ್ದು ಇದೇ. ಹೆರಾರ್ದೊನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದೃಶ್ಯ ನೋಡಿ. ಗಾಡಿಯ ಹಿಂಭಾಗದಲ್ಲಿ ಕೂರಿಸಿ, ಧೂಳು ತಾಗದಿರಲಿ ಅಂತ ಬಿಳಿ ಬಟ್ಟೆ ಹೊದಿಸುತ್ತಾರೆ. ಬದುಕಿರುವ ಮನುಷ್ಯನಿಗೆ ಬಿಳಿ ಬಟ್ಟೆ. ಜೊತೆಯಲ್ಲಿರುವವರಿಗೆ ಅದು ಹೇಗೆ ಕಾಣುತ್ತಿದೆ ಅಂತ ಗೊತ್ತು, ಆದರೂ ಬೇರೆ ದಾರಿಯಿಲ್ಲ. ಒಬ್ಬರೂ ಬಾಯಿ ಬಿಡುವುದಿಲ್ಲ. ಅಳು ತರಿಸಲು ಪಿಟೀಲೂ ಇಲ್ಲ. ಎಂಜಿನ್ ಸದ್ದು, ಗಾಳಿಯ ಸದ್ದು, ಅಷ್ಟೇ.

ಈಗ ಐದು ದೇಶದ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಇಂಥ ಸಿನಿಮಾಗಳ ಬಗ್ಗೆ ಒಂದು ಆರೋಪ ಯಾವಾಗಲೂ ಇದ್ದದ್ದೇ: ಯುರೋಪಿನವರು ದುಡ್ಡು ಕೊಡುತ್ತಾರೆ, ಅವರಿಗೆ ಬಡತನ ನೋಡಬೇಕು, ಇವರು ಬಡತನ ತೋರಿಸುತ್ತಾರೆ. ಈ ಪ್ರಶ್ನೆಯನ್ನು ಎಲ್ಲರಿಗಿಂತ ಜೋರಾಗಿ ಎತ್ತಿದ ಊರು ಯಾವುದು ಗೊತ್ತಾ? ಕಾಲಿ. ಅಸೆವೆದೊ ಹುಟ್ಟಿದ, ಓದಿದ ಊರು. ವಾಯೆ ದೆಲ್ ಕೌಕಾದ ರಾಜಧಾನಿ. 1970ರ ದಶಕದಲ್ಲಿ ಅಲ್ಲಿ ಲೂಯಿಸ್ ಒಸ್ಪಿನಾ, ಕಾರ್ಲೊಸ್ ಮಯೋಲೊ ಅಂತ ಇಬ್ಬರು ಗೆಳೆಯರು ಸಿನಿಮಾ ಮಾಡುತ್ತಿದ್ದರು. ಅವರ 'ಅಗರ್ರಾಂದೊ ಪ್ವೆಬ್ಲೊ' ಅನ್ನುವ ಚಿಕ್ಕ ಚಿತ್ರದಲ್ಲಿ ಒಂದು ತಂಡ ಜರ್ಮನ್ ಟೀವಿಗಾಗಿ ಕಾಲಿಯ ಬೀದಿಗಳಲ್ಲಿ ಭಿಕ್ಷುಕರನ್ನು, ಹುಚ್ಚರನ್ನು ಹುಡುಕಿಕೊಂಡು ಕ್ಯಾಮೆರಾ ಹಿಡಿದು ಓಡಾಡುತ್ತದೆ. ಬಡತನವನ್ನು ಮಾರುವ ಆ ಚಟಕ್ಕೆ ಅವರು ಪೋರ್ನೊಮಿಸೇರಿಯಾ ಅಂತ ಹೆಸರಿಟ್ಟರು. ಆ ಊರಿನಲ್ಲಿ ಸಿನಿಮಾ ಕಲಿತವರಿಗೆ ಈ ಎಚ್ಚರ ಇರಲೇಬೇಕು ಅಲ್ವಾ?

ಅಸೆವೆದೊಗೆ ಇದೆ. ಹೇಗೆ ಅಂತ ಹೇಳುತ್ತೇನೆ. ಇವರ ಪಾತ್ರಗಳು ನಮ್ಮ ಕರುಣೆಗೆ ಕಾಯುತ್ತಾ ಕೂತಿಲ್ಲ. ಎಲ್ಲರಿಗೂ ಕೆಲಸವಿದೆ. ಅಲ್ಫೊನ್ಸೊ ಬೆಳಗಾದರೆ ಅಂಗಳದ ಬೂದಿ ಗುಡಿಸುತ್ತಾನೆ. ನಾಳೆ ಮತ್ತೆ ಬೀಳುತ್ತದೆ, ಮತ್ತೆ ಗುಡಿಸುತ್ತಾನೆ. ಮೊಮ್ಮಗನಿಗೆ ಹಕ್ಕಿಯ ಕೂಗು ಕಲಿಸುತ್ತಾನೆ. ಗಾಳಿಪಟ ಹಾರಿಸುತ್ತಾರೆ. ರಸ್ತೆಯಲ್ಲಿ ಇಬ್ಬರೂ ಐಸ್‌ಕ್ರೀಮ್ ತಿನ್ನುತ್ತಾ ಬರುವಾಗ ಲಾರಿ ಬಂದು ಧೂಳು ಎಬ್ಬಿಸುತ್ತದಲ್ಲ, ಅಲ್ಲಿ ನನಗೆ ಸಿಟ್ಟೇ ಬಂತು. ಮಗುವಿನ ಒಂದು ಐಸ್‌ಕ್ರೀಮನ್ನೂ ಬಿಡುವುದಿಲ್ಲವಲ್ಲ ಅಂತ. ಬಡತನದ ಪಾಠವನ್ನು ಎಷ್ಟು ಹೊತ್ತು ಹೇಳಿದ್ದರೂ ಆ ಸಿಟ್ಟು ಬರುತ್ತಿರಲಿಲ್ಲ. ಇವರು ಈ ಚಿತ್ರಕತೆ ಬರೆಯಲು ಹೊರಟಿದ್ದು ತಾಯಿಯನ್ನು ಕಳೆದುಕೊಂಡ ದುಃಖದಲ್ಲಿ. ತನ್ನದೇ ಮನೆಯವರನ್ನು ಮತ್ತೆ ಒಂದು ಸೂರಿನ ಕೆಳಗೆ ಕೂರಿಸಬೇಕು ಅನ್ನುವ ಆಸೆಯಲ್ಲಿ. ಅದಕ್ಕೇ ಇರಬೇಕು, ಈ ಕುಟುಂಬ ಒಂದು ಸಮಸ್ಯೆಯ ಉದಾಹರಣೆಯಾಗದೆ ಕುಟುಂಬವಾಗಿಯೇ ಉಳಿದಿದೆ.

ದುಡ್ಡು ಹೇಗೆ ಕೂಡಿತು ಅನ್ನುವುದೂ ತಿಳಿದುಕೊಳ್ಳಬೇಕಾದ ವಿಷಯ. ಕೊಲಂಬಿಯಾದಲ್ಲಿ 2003ರಲ್ಲಿ ಒಂದು ಸಿನಿಮಾ ಕಾನೂನು ಬಂತು. ಥಿಯೇಟರು, ವಿತರಕರ ಗಳಿಕೆಯ ಒಂದು ಪಾಲು ಸಿನಿಮಾ ನಿಧಿಗೆ ಹೋಗುತ್ತದೆ. ಜನ ಹಾಲಿವುಡ್ ಸಿನಿಮಾಕ್ಕೆ ಕೊಟ್ಟ ಟಿಕೆಟ್ ದುಡ್ಡಿನಲ್ಲೂ ಒಂದು ಚೂರು ಅಲ್ಲಿನ ಹೊಸ ನಿರ್ದೇಶಕರಿಗೆ ತಲುಪುತ್ತದೆ. ಆ ನಿಧಿಯ ಬಲ ಇದ್ದರೆ ನಿರ್ಮಾಪಕರು ಹೊರದೇಶದವರ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಗಿಲ್ಲ. ನಮ್ಮದು ಇಷ್ಟಿದೆ, ನೀವು ಇಷ್ಟು ಸೇರಿಸಿ ಅನ್ನಬಹುದು. ರೋಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ನಿಧಿಯಂಥವು ಇಂಥ ಚಿತ್ರಗಳಿಗೆ ಕೈಜೋಡಿಸುತ್ತವೆ. ಒಂದೇ ಕಡೆಯ ದೊಡ್ಡ ದುಡ್ಡಾಗಿದ್ದರೆ ಹಾಡು ಹಾಕು, ವೇಗ ಹೆಚ್ಚಿಸು, ಕೊನೆಯಲ್ಲಿ ಆಶಾಕಿರಣ ತೋರಿಸು ಅನ್ನುವವರು ಖಂಡಿತ ಇರುತ್ತಿದ್ದರು. ಹಲವು ಕಡೆಯ ಚಿಕ್ಕ ಚಿಕ್ಕ ದುಡ್ಡು ಸೇರಿದಾಗ ಯಾರೊಬ್ಬರ ಮಾತೂ ನಡೆಯಲೇಬೇಕು ಅಂತಿರುವುದಿಲ್ಲ. ನಮ್ಮ ಕನ್ನಡದ ಹೊಸ ಹುಡುಗರು ಮನೆ ಅಡವಿಟ್ಟು ಸಿನಿಮಾ ಮಾಡುವುದನ್ನು ನೋಡಿದಾಗಲೆಲ್ಲ ಇಂಥ ಒಂದು ಕಾನೂನು ಇಲ್ಲೂ ಬರಬಾರದಾ ಅನ್ನಿಸುತ್ತದೆ.

ಎಲ್ಲವೂ ಹಿಡಿಸಿತು ಅಂತಲ್ಲ. ಕೆಲವು ಫ್ರೇಮುಗಳು ಜಾಸ್ತಿ ಚೆಂದ. ಮೂರು ಜನ ಬಾಗಿಲ ಬಳಿ ನಿಂತರೆ ಚಿತ್ರಕಾರ ನಿಲ್ಲಿಸಿದ ಹಾಗೆ ನಿಲ್ಲುತ್ತಾರೆ. ಬೆಳಕು ಸರಿಯಾಗಿ ಕೆನ್ನೆಗೇ ಬಿದ್ದಿರುತ್ತದೆ. ಅಷ್ಟು ಕಷ್ಟದ ನಡುವೆ ಆ ಅಂದ ನನಗೆ ಸ್ವಲ್ಪ ಅಡ್ಡ ಬಂತು. ಕನಸಿನಲ್ಲಿ ಕುದುರೆ ಮನೆಯೊಳಗೆ ಬರುವ ದೃಶ್ಯವಿದೆ. ತುಂಬಾ ಜನ ಅದನ್ನು ಹೊಗಳುತ್ತಾರೆ. ನನಗೆ ಅದು ಬೇಕಿರಲಿಲ್ಲ. ಬೂದಿ ಮತ್ತು ಮುಚ್ಚಿದ ಕಿಟಕಿಯೇ ಸಾಕಿತ್ತು. ನಿಧಾನ ಇದೆ, ಹೌದು. 97 ನಿಮಿಷದ ಸಿನಿಮಾ ಎರಡು ಗಂಟೆ ಅನ್ನಿಸುತ್ತದೆ. ರಾತ್ರಿ ಊಟ ಮಾಡಿ ಮಲಗುವ ಮುಂಚೆ ಹಾಕಬೇಡಿ. ಬೆಳಗ್ಗೆ, ಫೋನು ಆಚೆ ಇಟ್ಟು ನೋಡಿ.

ನನ್ನ ಮಟ್ಟಿಗೆ ಇದು ಅಲಿಸಿಯಾಳ ಸಿನಿಮಾ. ಹಿಲ್ದಾ ರುಯಿಸ್ ಮಾಡಿದ್ದಾರೆ. ಎಲ್ಲರೂ ಬಿಟ್ಟು ಹೋಗೋಣ ಅನ್ನುತ್ತಾರೆ. ಗಂಡ ಒಮ್ಮೆ ಹೋದವನೇ. ಮಗ ಸಾಯುತ್ತಿರುವುದೇ ಆ ನೆಲದಿಂದ. ಸೊಸೆಗೆ ತನ್ನ ಮಗುವಿನ ಚಿಂತೆ. ಅವರೆಲ್ಲ ಹೇಳುವುದು ನೂರಕ್ಕೆ ನೂರು ಸರಿ. ಆದರೂ ಅಲಿಸಿಯಾಳ ಹಟವನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆ ಮನೆ ಮಾರಿದರೆ ಮಾರನೇ ದಿನ ಅಲ್ಲಿ ಕಬ್ಬು ನೆಡುತ್ತಾರೆ. ಅಂಗಳ, ಮರ, ಬೆಂಚು, ಯಾವುದರ ಗುರುತೂ ಉಳಿಯುವುದಿಲ್ಲ. ಅಂಥ ಅಜ್ಜಿಯರನ್ನು ನಮ್ಮೂರಲ್ಲೂ ನೋಡಿದ್ದೇನೆ. ಮಕ್ಕಳು ಬೆಂಗಳೂರಿಗೆ ಕರೆದರೂ ಬರುವುದಿಲ್ಲ. ಯಾಕೆ ಅಂತ ಕೇಳಿದರೆ ಬೀಗ ಹಾಕಿದ ಮನೆ ಬೀಳುತ್ತೆ ಅನ್ನುತ್ತಾರೆ, ಅಷ್ಟೇ. ಅಲಿಸಿಯಾಗೆ ಅಷ್ಟು ಮಾತೂ ಇಲ್ಲ. ಗಂಡ ಬಂದ ಮೊದಲ ದಿನ ಅವಳು ಅವನನ್ನು ನೋಡುವ ರೀತಿಯಲ್ಲೇ ಹದಿನೇಳು ವರ್ಷದ ಲೆಕ್ಕ ಇದೆ. ಕೊನೆಗೆ ಅವಳು ಏನು ಮಾಡುತ್ತಾಳೆ ಅಂತ ಇಲ್ಲಿ ಹೇಳುವುದಿಲ್ಲ, ನೀವೇ ನೋಡಿ.

ಅಸೆವೆದೊ ಎರಡನೇ ಸಿನಿಮಾ ಮಾಡಲು ತುಂಬಾ ವರ್ಷ ತೆಗೆದುಕೊಂಡರು. 'ಒರಿಸೊಂತೆ' ಅಂತ, 2024ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು. ಅದೂ ಹಲವು ದೇಶ ಸೇರಿ ಮಾಡಿದ್ದೇ, ಅದರಲ್ಲೂ ತಾಯಿ ಮಗನ ಕತೆಯೇ. ನಾನಿನ್ನೂ ನೋಡಬೇಕು. ಬೆಂಗಳೂರಿನ ಚಿತ್ರೋತ್ಸವದಲ್ಲಿ ಎರಡನ್ನೂ ಒಟ್ಟಿಗೆ ಹಾಕಿದರೆ ಅಪ್ಪನನ್ನು ಊರಿನಿಂದ ಕರೆಸುತ್ತೇನೆ. ಆ ಕಬ್ಬಿನ ಬೆಂಕಿಯನ್ನು ದೊಡ್ಡ ಪರದೆಯಲ್ಲಿ ನೋಡಬೇಕು ಅಂತ ಅವರೇ ಹೇಳಿದ್ದಾರೆ.